ಕೊರಲೆ, ಕೊರ್ರ

"ಕಸ್ತೂರೀ..."

ಹಿತ್ತಿಲಿನಿಂದ ಕೂಗು ಬಂದಾಗ ಅವಳು ಜಗಲಿಯ ಮೇಲೆ ಮೊರ ಹಿಡಿದು ಕೂತಿದ್ದಳು. ಆಷಾಢದ ಗಾಳಿ ಬೀದಿಯ ಧೂಳನ್ನೆಲ್ಲ ಎತ್ತಿ ತಂದು ಮೊರದೊಳಕ್ಕೇ ಸುರಿಯುತ್ತಿತ್ತು. ಕೇರಿದಷ್ಟೂ ಹೊಟ್ಟು, ಹೊಟ್ಟು ಹಾರಿದಷ್ಟೂ ಧೂಳು. ಆದರೂ ಅವಳು ಕೇರುತ್ತಲೇ ಇದ್ದಳು. ಬೆಳಗಿನಿಂದ ಕೈ ಸುಮ್ಮನಿರಲು ಒಲ್ಲೆ ಅನ್ನುತ್ತಿತ್ತು. ಕೂಗು ಎದುರು ಮನೆಯ ಗೋಡೆಗೆ ಬಡಿದು ಹಿಂದಕ್ಕೆ ಬಂತು. ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡಳು.

"ಏ ಕಸ್ತೂರೀ, ಕಿವಿಯಾಗೆ ಅರಳೆ ಇಟ್ಕಂಡೀಯೇನೇ?"

ಆಗ ಹೊಳೆಯಿತು. ಕರೆದದ್ದು ತನ್ನನ್ನೇ. ಈ ಮನೆಗೆ ಬಂದು ಎರಡು ವರ್ಷವಾಗಿದ್ದರೂ ಮೊದಲ ಕೂಗಿಗೆ ತಿರುಗುವುದು ಅವಳಿಗೆ ಇನ್ನೂ ಬಂದಿರಲಿಲ್ಲ. ಅತ್ತೆ ಮೂಕಮ್ಮ ಅದನ್ನು ಕಿವುಡು ಅಂದುಕೊಂಡಿದ್ದಳು. "ನಮ್ಮ ಹುಡುಗಿಗೆ ಒಂದೀಟು ಕಿವಿ ಮಂದ, ಜೋರಾಗಿ ಮಾತಾಡ್ರಿ" ಎಂದು ನೀರು ಸೇದಲು ಬಂದವರಿಗೆಲ್ಲ ಹೇಳಿದ್ದರಿಂದ, ಈಗ ಬಾವಿಕಟ್ಟೆಯ ಹತ್ತಿರ ಎಲ್ಲರೂ ಅವಳೊಂದಿಗೆ ಕಿರುಚಿಯೇ ಮಾತಾಡುತ್ತಿದ್ದರು.

"ಬಂದೆ ಅತ್ತೆ" ಎಂದು ಎದ್ದಳು.

ಮೂಕಮ್ಮ ಹಸುವಿನ ಮುಂದೆ ಸಪ್ಪೆ ಹಾಕುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಚನ್ನಗಿರಿಯೋರು ಬರಾದು ಯಾವ ಬಸ್ಸಿಗಂತೆ?"

"ದಾವಣಗೆರೆ ಬಸ್ಸಿಗೆ ಅಂದ್ರು."

"ಮಜ್ಜಿಗೆ ಕಡದಿಟ್ಟೀಯಾ? ಬರೀ ಕಾಳು ಕೇರ್ತಾ ಕುಂತ್ರೆ ಬಂದೋರ ಗಂಟ್ಲಿಗೆ ಕಾಳು ಹಾಕ್ತೀಯಾ?" ಮೂಕಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ಸೊಸೆಯ ಮುಖ ನೋಡಿದಳು. "ಏನು ಕೇಳ್ತಾರಂತೆ ನಿನ್ನ?"

"ಏನೋ ಕಾಳಿನ ಹೆಸರು."

"ಕಾಳಿನ ಹೆಸರು" ಎಂದು ಮೂಕಮ್ಮ ನಕ್ಕಳು. "ಹುಷಾರಾಗಿ ಹೇಳೇ. ಬಿತ್ತನೆ ನವಣೆ ತಿನ್ಸಿದೋಳು ಅಂತ ಚನ್ನಗಿರಿ ಮಟ ಸುದ್ದಿ ಹೋದೀತು."

ಸೊಸೆ ಹುಟ್ಟಿದ್ದು ರಾಯದುರ್ಗದಾಚೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಹೆತ್ತವರು ಇಟ್ಟ ಹೆಸರು ಕೊಲ್ಲಾಪುರಮ್ಮ. ಊರ ದೇವತೆಯ ಹೆಸರು. ಹೆಣ್ಣು ನೋಡಲು ಬಂದಾಗ ಅದನ್ನು ಕೇಳಿ ಯಾರೂ ಏನೂ ಅಂದಿರಲಿಲ್ಲ. ಮದುವೆಯಾಗಿ ಜಗಳೂರು ಸೀಮೆಯ ಈ ಊರಿಗೆ ಬಂದು, ಹೊಸಿಲ ಮೇಲಿನ ಸೇರು ಒದ್ದು ಒಳಗೆ ಕಾಲಿಡುವ ಹೊತ್ತಿಗೆ ಮೂಕಮ್ಮ ಅಡ್ಡ ನಿಂತಿದ್ದಳು. ಮೊದಲು ಗಲ್ಲ ಗಲ್ಲ ಬಡಿದುಕೊಂಡಳು.

"ತಾಯಿ ದೊಡ್ಡೋಳು, ಅಕಿಗೆ ನಾನು ಎರಡು ಮಾತಾಡಲ್ಲ. ಆದ್ರೆ ದೀಪ ಹಚ್ಚೋ ಹೊತ್ನಾಗೆ ಬಾಗ್ಲಾಗೆ ನಿಂತ್ಕಂಡು 'ಕೊಲ್ಲ, ಕೊಲ್ಲ' ಅಂತ ಕೂಗಾಕೆ ಆಗ್ತೈತೇನ್ರಪ್ಪಾ? ಮೊದ್ಲೇ ಒಂದು ಸಾವು ಕಂಡಿರೋ ಮನೆ."

ಆ ಸಾವು ಕಸ್ತೂರಮ್ಮನದು. ನ್ಯಾಮತಿ ಹತ್ತಿರದ ಗೋವಿನಕೋವಿಯಿಂದ ಬಂದಿದ್ದ ಮೊದಲ ಸೊಸೆ. ಕಾಮಾಲೆಯಾಗಿ ಹದಿನೈದು ದಿನದಲ್ಲಿ ಹೋಗಿಬಿಟ್ಟಿದ್ದಳು. "ಅದೇ ಹೆಸರು ಮನ್ಯಾಗೆ ಓಡಾಡ್ಕಂಡಿರ್ಲಿ, ನನ್ನ ನಾಲಿಗೆಗೂ ರೂಢಿ ಐತೆ" ಎಂದಳು ಮೂಕಮ್ಮ. ಬೀಗರ ಸಾಲಿನಲ್ಲಿ ಕೂತಿದ್ದ ಮೂಕಮ್ಮನ ತಮ್ಮ ಗಾದ್ರಪ್ಪ ಎಲೆಗೆ ಸುಣ್ಣ ಸವರುತ್ತ, "ರೇಷನ್ ಕಾರ್ಡಿನಾಗೂ ಹಂಗೇ ಐತೆ ಬಿಡಕ್ಕ. ಹೊಡೆದು ಹಾಕ್ಸಾಕೆ ಒಂದ್ಸಲ, ಹೊಸದು ಬರ್ಸಾಕೆ ಒಂದ್ಸಲ, ಜಗಳೂರಿಗೆ ಯಾವನು ಅಲೀತಾನೆ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ಸೆರಗಿನ ಮರೆಯಲ್ಲಿ ನಕ್ಕಿದ್ದಳು. ಹೊಸ ಊರು, ನಗದಿದ್ದರೆ ಏನಂದುಕೊಂಡಾರೋ ಎಂದು. ತಾಳಿಯ ಪಕ್ಕದಲ್ಲಿ ಸತ್ತವಳ ಹೆಸರಿನ ಬೆಳ್ಳಿ ಬಿಲ್ಲೆಯೊಂದನ್ನು ಪೋಣಿಸಿ ಕಟ್ಟಿದರು. ಓಡಾಡಿದಾಗಲೆಲ್ಲ ಅದು ತಾಳಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು. ಬರಬರುತ್ತ ಆ ಸದ್ದು ಕೇಳದ ಹಾಗೆ ನಡೆಯುವುದನ್ನು ಅವಳು ಕಲಿತಳು.

ಗಂಡ ಉಚ್ಚಂಗೆಪ್ಪ ಊರ ಶಾಲೆಯ ಮೇಷ್ಟ್ರು, ಮೆತ್ತಗಿನ ಮನುಷ್ಯ. ಅವಳನ್ನು ಆ ಹೆಸರಿನಿಂದಲೂ ಕರೆಯಲಿಲ್ಲ, ಈ ಹೆಸರಿನಿಂದಲೂ ಕರೆಯಲಿಲ್ಲ. "ಇಗಾ", "ಇಲ್ಲಿ ಕೇಳು", "ನೀರು ತಾ" ಇಷ್ಟರಲ್ಲೇ ಎರಡು ವರ್ಷದ ಸಂಸಾರ ಸಾಗಿತ್ತು. ಒಮ್ಮೊಮ್ಮೆ "ಕ್" ಎಂದು ಬಾಯಿ ತೆರೆದು ನಿಲ್ಲಿಸಿಬಿಡುತ್ತಿದ್ದ. ಎರಡು ಹೆಸರೂ ಅದೇ ಅಕ್ಷರದಿಂದ ಶುರುವಾಗುತ್ತಿದ್ದುದರಿಂದ, ನಿಲ್ಲಿಸಿದ್ದು ಯಾವುದನ್ನು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

ನವಣೆಯ ಸಂಗತಿ ನಡೆದದ್ದು ಬಂದ ಹೊಸತರಲ್ಲಿ. "ನಾಳೆಗೆ ಒಂದೀಟು ಕೊರಲೆ ಕುಟ್ಟಿ ಅನ್ನ ಮಾಡೇ" ಎಂದು ಹೇಳಿ ಮೂಕಮ್ಮ ತಂಗಿಯ ಮನೆಗೆ ಹೋಗಿದ್ದಳು. ಅವಳು ಅಟ್ಟ ಹತ್ತಿ ಗಡಿಗೆಗಳಲ್ಲಿ ಕೈಯಾಡಿಸಿ ನೋಡಿದಳು. ಒಂದರಲ್ಲಿ ಹೊಂಬಣ್ಣದ ಗುಂಡು ಕಾಳು ಸಿಕ್ಕಿತು. ತವರಿನಲ್ಲಿ ಅವ್ವ, ಅಂದರೆ ಅವಳ ಅಜ್ಜಿ, ಅದನ್ನು ಕೊರ್ರ ಅನ್ನುತ್ತಿದ್ದಳು. ಕೊರ್ರ ಅನ್ನ, ಕೊರ್ರ ಗಂಜಿ. ಅಲ್ಲಿಯ ಸಂತೆಯ ಕನ್ನಡದಲ್ಲಿ ಕೊರ್ರವನ್ನೇ ಸ್ವಲ್ಪ ಎಳೆದು ಕೊರಲೆ ಅನ್ನುತ್ತಿದ್ದರು, ಇಲ್ಲಿಯೂ ಅದೇ ಅಂದುಕೊಂಡಳು. ಒರಳಿಗೆ ಹಾಕಿ ಕುಟ್ಟಿ, ಕೇರಿ, ಅನ್ನ ಮಾಡಿದಳು. ಚೆನ್ನಾಗಿಯೂ ಆಗಿತ್ತು. ಮಾರನೆಯ ದಿನ ಮೂಕಮ್ಮ ಬಂದು ತುತ್ತು ಬಾಯಿಗಿಟ್ಟವಳು ಅಗಿಯದೆ ಹಾಗೇ ಕೂತಳು. ಅದು ಬಿತ್ತನೆಗೆಂದು ಬೂದಿ ಬೆರೆಸಿ ಇಟ್ಟಿದ್ದ ನವಣೆ. ಕೊರಲೆ ಬೇರೆಯೇ: ಮಣ್ಣಿನ ಬಣ್ಣದ, ಚಪ್ಪಟೆ ಕಾಳು, ಪಕ್ಕದ ಗಡಿಗೆಯಲ್ಲೇ ಇತ್ತು.

"ನಮ್ಮ ಕಸ್ತೂರಿ ಆಗಿದ್ರೆ ಹಿಂಗೆ ಮಾಡ್ತಿದ್ಲೇನೇ ಕಸ್ತೂರೀ" ಎಂದಳು ಮೂಕಮ್ಮ. ಹೇಳಿದ್ದರಲ್ಲಿ ಏನೋ ಎಡವಟ್ಟಿದೆ ಅನ್ನುವುದು ಅವಳಿಗಾಗಲಿ ಪಕ್ಕದಲ್ಲಿ ಕೂತಿದ್ದ ಮಗನಿಗಾಗಲಿ ಹೊಳೆಯಲಿಲ್ಲ. ಸೊಸೆ ಮಾತ್ರ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹೀಗಿರುವಾಗ ಈ ಸಲದ ಬೇಸಿಗೆ ರಜೆಯಲ್ಲಿ ಉಚ್ಚಂಗೆಪ್ಪ ಟ್ರಂಕಿನಿಂದ ಚೀಟಿಗಳ ಕಟ್ಟು ಹೊರಗೆ ತೆಗೆದ. ಚನ್ನಗಿರಿಯ ಷಣ್ಮುಖಪ್ಪ ಅನ್ನುವ ನಿವೃತ್ತ ಉಪನ್ಯಾಸಕರು ಕಾಳುಕಡಿ, ಸೊಪ್ಪುಸದೆಗಳಿಗೆ ಯಾವ ಭಾಷೆಯಲ್ಲಿ ಯಾವ ಹೆಸರು ಎಂದು ಒಂದು ಕೋಶ ಮಾಡುತ್ತಿದ್ದರು. ಹೊನ್ನಾಳಿ, ನ್ಯಾಮತಿ, ಕತ್ತಲಗೆರೆ, ಎಲ್ಲ ಕಡೆಯ ಮೇಷ್ಟ್ರುಗಳು ಊರವರನ್ನು ಕೇಳಿ ಚೀಟಿ ಬರೆದು ಕಳಿಸಬೇಕು. ಉಚ್ಚಂಗೆಪ್ಪ ಎಪ್ಪತ್ತೈದನೇ ಇಸವಿಯಲ್ಲೇ ಒಂದು ಕಂತು ಕಳಿಸಿದ್ದ. ನಡುವೆ ಹೆಂಡತಿ ತೀರಿಕೊಂಡಿದ್ದರಿಂದ ಕೆಲಸ ನಿಂತಿತ್ತು. ಈಗ ತೆಲುಗು ಹೆಸರುಗಳು ಬೇಕು ಎಂದು ಅವರು ಬರೆದಿದ್ದರು, ಮತ್ತು ತೆಲುಗು ಮನೆಯಲ್ಲೇ ಇತ್ತು.

ಆ ಬೇಸಿಗೆಯಲ್ಲಿ ಗಂಡ ಹೆಂಡತಿ ಮಾತಾಡಿದಷ್ಟು ಎರಡು ವರ್ಷದಲ್ಲಿ ಮಾತಾಡಿರಲಿಲ್ಲ. ಅವನು ಒಂದೊಂದೇ ಕಾಳು ಅಂಗೈ ಮೇಲೆ ಇಟ್ಟು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಹುಣಸೆಗೆ ತೆಲುಗಿನಲ್ಲಿ ಚಿಂತ ಅಂದಾಗ ಅವನಿಗೆ ನಗು ತಡೆಯಲಾಗಲಿಲ್ಲ. "ಅದಕ್ಕೇ ಸಾರಿಗೆ ಹುಣಸೆ ಹಾಕುವಾಗ ನಿನ್ನ ಮುಖ ಹಂಗಿರ್ತೈತೆ" ಎಂದ. ಅವಳು ತೆಲುಗು ಶಾಲೆಗೆ ಮೂರನೇ ಕ್ಲಾಸಿನವರೆಗೆ ಹೋಗಿದ್ದಳು. ಅಕ್ಷರಗಳು ಅಕ್ಕತಂಗಿಯರ ಹಾಗಿದ್ದುದರಿಂದ ಕನ್ನಡವನ್ನೂ ತಡವರಿಸಿ ಓದುತ್ತಿದ್ದಳು. ಚೀಟಿ ನೋಡಿ ಕೇಳಿದಳು:

"ಮ್ಯಾಲೆ ಹೆಸರು ಬರೆಯಲ್ವೇನ್ರಿ?"

"ಮ್ಯಾಲೆ ನಂಬರು ಅಷ್ಟೇ. ಕೆಳಗೆ ಅದು ನೋಡಾಕೆ ಹೆಂಗೈತೆ, ಎಲ್ಲಿ ಬೆಳೀತೈತೆ. ಅದಾದ್ಮ್ಯಾಲೆ ಯಾರು ಏನಂತಾರೆ ಅನ್ನಾದು."

"ಹೆಸರೇ ಕೊನೆಗೇನ್ರಿ?"

"ಹೆಸರು ನಂಬಿ ಕುಂತ್ರೆ ಕೆಟ್ವಿ ಅಂತಾರೆ ಷಣ್ಮುಖಪ್ಪನೋರು. ಒಂದೇ ಕಾಳಿಗೆ ನಾಕು ಹೆಸರಿರ್ತಾವೆ. ಒಂದೇ ಹೆಸರು ಎರಡು ಕಾಳಿಗೂ ಇರ್ತೈತೆ. ಕಾಳು ಬೇರೆ ಆದ್ರೆ ಹೆಸರು ಒಂದೇ ಇದ್ರೂ ನಂಬರು ಬೇರೆ."

ಅವಳು ಕಾಳನ್ನು ಬೆರಳ ತುದಿಯಲ್ಲಿ ಉರುಳಿಸುತ್ತ ಕೂತಳು. ನವಣೆಯ ಚೀಟಿಯ ಕೊನೆಯಲ್ಲಿ 'ಹೇಳಿದವರು' ಎಂದು ಒಂದು ಸಾಲಿತ್ತು. ಉಚ್ಚಂಗೆಪ್ಪ ಅಲ್ಲಿ ಮೊದಲೇ ಬರೆದಿಟ್ಟಿದ್ದ: ಕಸ್ತೂರಮ್ಮ. ಮನೆಮಾತು: ತೆಲುಗು. ಅವಳು ಅದನ್ನು ಅಕ್ಷರ ಅಕ್ಷರವಾಗಿ ಓದಿದಳು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ರೊಟ್ಟಿ ತಟ್ಟುತ್ತ ಎದ್ದು ಬಾಗಿಲಿಗೆ ಹೋಗುವಳು, ಬಾಗಿಲಿಗೆ ಯಾಕೆ ಬಂದೆನೆಂದು ಮರೆತು ಒಳಗೆ ಬರುವಳು. "ಇವಳಿಗೇನು ಕಾಲಾಗೆ ಚಕ್ರ ಐತೇನೋ" ಎಂದಳು ಮೂಕಮ್ಮ.

ಚನ್ನಗಿರಿಯಿಂದ ಕಾಗದ ಬಂದದ್ದು ಶಾಲೆ ಮತ್ತೆ ಶುರುವಾದ ಮೇಲೆ. ಉಚ್ಚಂಗೆಪ್ಪ ಅದನ್ನು ಅವಳಿಗೆ ಓದಿ ಹೇಳಿದ. ಕಸ್ತೂರಮ್ಮನವರು ನಾಲ್ಕು ವರ್ಷದ ಹಿಂದೆ ಕೊರಲೆಯೆಂದರೆ ಒಂದು ಕಾಳು ಎಂದಿದ್ದಾರೆ. ಈಗ ಕೊರಲೆ, ಕೊರ್ರ ಎರಡೂ ನವಣೆಯೇ ಎನ್ನುತ್ತಾರೆ. ಆಗ ಅವರ ಮನೆಮಾತು ಕನ್ನಡವಿತ್ತು, ಈಗ ತೆಲುಗಾಗಿದೆ. ಒಬ್ಬರೇ ಹೀಗೆ ಎರಡು ಹೇಳಿದರೆ ಎರಡನ್ನೂ ಕೈಬಿಡುವುದು ನಮ್ಮ ಪದ್ಧತಿ. ನಾನೇ ಬಂದು ಅವರನ್ನು ಕಂಡು ಕೇಳುತ್ತೇನೆ. ಇಷ್ಟು.

ಉಚ್ಚಂಗೆಪ್ಪ ಕಾಗದ ಮಡಚಿ ಜೇಬಿಗಿಟ್ಟ, ಮತ್ತೆ ತೆಗೆದ.

"ನೀನು ಒಂದು ಮಾತು ಹೇಳಿದ್ರೆ ಮುಗೀತೈತೆ. ಈಗಿಂದು ಮರೆತು ಹೇಳ್ದೆ, ಮೊದಲನೇದೇ ಸರಿ ಅನ್ನು. ಮನೆಮಾತು ನಾನು ಕೈತಪ್ಪಿ ಬರದೆ ಅಂತೀನಿ."

"ನಾನು ಮರೆತು ಹೇಳಿಲ್ಲಲ್ರೀ. ನಮ್ಮ ಕಡೆ ಇದಕ್ಕೆ ಕೊರ್ರ ಅಂತಾನೇ ಅನ್ನಾದು."

"ನನಗೇನು ಗೊತ್ತಿಲ್ವಾ?" ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಇಬ್ರು ಅಂತ ಹೇಳಾಕೆ ಹೋದ್ರೆ ಒಂದಕ್ಕೊಂದು ಬಿಚ್ಕಂತಾ ಹೋಗ್ತೈತೆ. ಸರ್ಕಾರಿ ನೌಕರಿ ನಂದು. ರೇಷನ್ ಕಾರ್ಡು ಹಂಗೈತೆ. ಅವ್ವಗೆ ಬೇರೆ ಸಂಕಟ. ಹಿಂಗಂದ್ರೆ ಹೋದೋಳು ಹೇಳಿದ್ದಾದ್ರೂ ಉಳೀತೈತೆ."

ಹೋದವಳು ಹೇಳಿದ್ದಾದರೂ ಉಳಿಯುತ್ತದೆ. ಆ ಮಾತನ್ನು ಇವಳು ಅಲ್ಲಿಂದ ಇಲ್ಲಿಯವರೆಗೆ ಒಳಗೊಳಗೇ ಕೇರುತ್ತ ಬಂದಿದ್ದಳು. ಹೊಟ್ಟು ಹಾರುತ್ತಿತ್ತು, ಕಾಳು ಮಾತ್ರ ಮೊರದ ತುದಿಯಲ್ಲಿ ಕೂತೇ ಇರುತ್ತಿತ್ತು.

ಷಣ್ಮುಖಪ್ಪ ಬಸ್ಸಿಳಿದು ಬಂದಾಗ ಮೈಯೆಲ್ಲ ಕೆಂಧೂಳು. ಬಿಳಿ ಪಂಚೆ, ತೋಳಿನಲ್ಲಿ ಒಂದು ಬಟ್ಟೆಯ ಚೀಲ, ಮೂಗಿನ ತುದಿಗೆ ಜಾರಿದ ಕನ್ನಡಕ. ಉಚ್ಚಂಗೆಪ್ಪ ಕೈಕಾಲಿಗೆ ನೀರು ಕೊಟ್ಟು ಜಗಲಿಯ ಮೇಲೆ ಕಂಬಳಿ ಹಾಸಿದ. ಅವರು ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು.

"ನಿಮ್ಮೂರಿನ ಗಾಳಿಗೆ ಬಸ್ಸು ಹಿಂದಕ್ಕೆ ಹೋಗ್ತೈತೇನೋ ಅಂದ್ಕಂಡೆ ಮೇಷ್ಟ್ರೆ."

"ನಿಮ್ಮ ಕಡೆ ಗಾಳಿ ಇಲ್ವೇನ್ರಿ?" ಎಂದಳು ಕಂಬಕ್ಕೆ ಒರಗಿ ಕೂತಿದ್ದ ಮೂಕಮ್ಮ.

"ಐತೆ ತಾಯಿ. ಆದ್ರೆ ಮರ್ಯಾದೆಯಾಗಿ ಬೀಸ್ತೈತೆ." ಅವರು ಚೀಲದಿಂದ ಚೀಟಿಗಳನ್ನು ತೆಗೆದು, ಹಾರದಂತೆ ಲೋಟವನ್ನು ಮೇಲಿಟ್ಟರು. "ಈ ಹೆಸರುಗಳ ಸಹವಾಸ ಬ್ಯಾಡ ಅನ್ನಿಸಿಬಿಟ್ಟೈತೆ ನೋಡ್ರಿ. ಅಗಸೆ ಅಂತ ಒಂದು ಪದ ಕೊಟ್ಟೆ. ಹೊನ್ನಾಳಿಯೋರು ಅದು ಮರ, ಹೂವಿನ ಪಲ್ಯ ಮಾಡ್ತಾರೆ ಅಂತ ಬರದ್ರು. ನಿಮ್ಮ ಮೇಷ್ಟ್ರು ಅದು ಎಣ್ಣೆಕಾಳು ಅಂದ್ರು. ನ್ಯಾಮತಿ ಕಡೆ ಒಬ್ಬ ಪುಣ್ಯಾತ್ಮ, ಅಗಸೆ ಅಂದ್ರೆ ಊರ ಬಾಗ್ಲು, ರಾತ್ರಿ ಹಾಕ್ತಾರೆ, ಬೆಳಿಗ್ಗೆ ತೆಗೀತಾರೆ ಅಂತ ಬರೆದು ಕಳಿಸ್ಯಾನೆ. ಅದರ ಬೀಜ ಎಲ್ಲಿ ತರಾದು ಹೇಳ್ರಿ."

ಮೂಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಉಚ್ಚಂಗೆಪ್ಪನೂ ನಕ್ಕ, ಸ್ವಲ್ಪ ಹೆಚ್ಚೇ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. 

"ಕಸ್ತೂರಮ್ಮನೋರು ಯಾರು?"

"ಇವಳೇ" ಎಂದಳು ಮೂಕಮ್ಮ. "ಜೋರಾಗಿ ಕೇಳ್ರಿ, ಕಿವಿ ಮಂದ."

"ನಮಸ್ಕಾರ ತಾಯಿ" ಎಂದರು ಷಣ್ಮುಖಪ್ಪ ದನಿ ಏರಿಸಿ. "ಏನಿಲ್ಲ, ಒಂದೇ ಮಾತು. ಹಿಂದೆ ನೀವು ಕೊರಲೆ ಅಂದ್ರೆ ಮಣ್ಣಿನ ಬಣ್ಣದ ಕಾಳು ಅಂದೀರಿ. ಈ ಸಲ ಕೊರ್ರ, ಕೊರಲೆ ಎರಡೂ ನವಣೆ ಅಂದೀರಿ. ಯಾವುದನ್ನ ಇಟ್ಕಳ್ಳಿ?"

ಉಚ್ಚಂಗೆಪ್ಪ ಕಂಬಳಿಯ ಅಂಚಿನ ದಾರ ಎಳೆಯುತ್ತಿದ್ದ.

"ಮೊದಲನೇದು" ಎಂದಳು ಅವಳು. ಅಭ್ಯಾಸ ಮಾಡಿಟ್ಟುಕೊಂಡ ಮಾತು ತಾನಾಗಿ ಬಂತು. "ಈ ಸಲದ್ದು ಮರೆತು ಹೇಳ್ದೆ."

"ಹಂಗಾ? ಸರಿ ಬಿಡ್ರಿ, ಮನುಷ್ಯರು ಮರೀತಾರೆ." ಷಣ್ಮುಖಪ್ಪ ನವಣೆಯ ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ ತೆಗೆದರು. "ಹಂಗಾದ್ರೆ ಈ ಕೊರ್ರ ಹೊಡೆದು ಹಾಕ್ತೀನಿ."

ಪೆನ್ಸಿಲಿನ ಮೊನೆ ಅಕ್ಷರದ ಮೇಲೆ ನಿಂತಿತು. ದೂರದಿಂದಲೂ ಅವಳಿಗೆ ಆ ಅಕ್ಷರ ಕಾಣಿಸಿತು, ಅಥವಾ ಕಂಡ ಹಾಗಾಯಿತು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಅಜ್ಜಿ, ಉಕ್ಕಿ ಬಂದ ಗಂಜಿಯ ಮೇಲೆ ಊದುತ್ತಿದ್ದುದು, "ಕೊರ್ರ ತಿಂಟೇ ಕಾಳ್ಳು ಗಟ್ಟಿ" ಎಂದು, ಕೊರ್ರ ತಿಂದರೆ ಕಾಲು ಗಟ್ಟಿ ಎಂದು, ಅವಳ ಕಾಲು ಹಿಡಿದು ಅಲ್ಲಾಡಿಸುತ್ತಿದ್ದುದು ಕಣ್ಣಿಗೆ ಕಟ್ಟಿತು.

"ಹೊಡೀಬ್ಯಾಡ್ರಿ."

ಷಣ್ಮುಖಪ್ಪ ತಲೆ ಎತ್ತಿದರು.

"ನಾನು ಮರ್ತಿಲ್ಲ. ನಮ್ಮ ಕಡೆ ನವಣೆಗೆ ಕೊರ್ರ ಅನ್ನಾದೇ. ಕನ್ನಡದಾಗೆ ಮಾತಾಡಿದ್ರೆ ಕೊರಲೆ ಅಂತೀವಿ." ಅವಳು ಚೌಕಟ್ಟಿನಿಂದ ಕೈ ತೆಗೆದಳು. "ಹಿಂದೆ ಹೇಳಿದ್ದು ನನಗೆ ಗೊತ್ತಿಲ್ರೀ. ಎಪ್ಪತ್ತೈದರಾಗೆ ನಾನು ಈ ಮನ್ಯಾಗೆ ಇರ್ಲೇ ಇಲ್ಲ."

ಗಾಳಿಗೆ ಚೀಟಿಗಳ ತುದಿ ಪಟಪಟ ಬಡಿದುಕೊಂಡಿತು. ಉಚ್ಚಂಗೆಪ್ಪನ ಕೈಯಲ್ಲಿ ಕಂಬಳಿಯ ದಾರ ಉದ್ದಕ್ಕೆ ಬಿಚ್ಚಿಕೊಂಡು ಬಂದಿತ್ತು. ಮೂಕಮ್ಮ ಸೊಸೆಯನ್ನು ನೋಡಲಿಲ್ಲ, ಬೀದಿ ನೋಡಿದಳು.

"ಮತ್ತೆ ಹಿಂದೆ ಹೇಳಿದೋರು?" ಎಂದರು ಷಣ್ಮುಖಪ್ಪ.

"ಅವರು ನನ್ನ ಮೊದಲನೇ ಮನೆಯೋರು ಸರ್" ಎಂದ ಉಚ್ಚಂಗೆಪ್ಪ. ಒಂದು ಸಲ ಬಾಯಿ ಬಿಟ್ಟ ಮೇಲೆ ಉಳಿದದ್ದು ತಡೆಯಲಾಗದವನ ಹಾಗೆ ಹೇಳಿದ. "ಕಸ್ತೂರಮ್ಮ ಅಂದ್ರೆ ಅವರು. ತೀರ್ಕಂಡ್ರು. ಮನ್ಯಾಗೆ ಇವಳನ್ನೂ ಹಂಗೇ ಕರೀತೀವಿ. ರೇಷನ್ ಕಾರ್ಡಿನಾಗೂ..."

"ಅಯ್ಯೋ ಮಾರಾಯ್ರೇ" ಎಂದರು ಷಣ್ಮುಖಪ್ಪ. ಮುಖದಲ್ಲಿ ಬೈಗುಳವಿರಲಿಲ್ಲ, ಹುಡುಕುತ್ತಿದ್ದ ಕೀಲಿ ಸೊಂಟದಲ್ಲೇ ಸಿಕ್ಕ ಹಾಗಿತ್ತು. "ನಾನು ಕಾಳಿನ ಲೆಕ್ಕದೋನು, ರೇಷನ್ನಿನೋನಲ್ಲ. ಇಬ್ರು ಅಂತ ಒಂದು ಮಾತು ಬರೆದಿದ್ರೆ ನಾನು ಈ ಧೂಳು ಕುಡಿಯಾದು ತಪ್ತಿತ್ತು. ಇಬ್ರು ಅಂದ್ಮ್ಯಾಲೆ ತಕರಾರೇ ಇಲ್ಲ. ಅವರು ಹೇಳಿದ್ದೂ ಸರಿ, ಇವರು ಹೇಳಿದ್ದೂ ಸರಿ."

"ಆ ಹಳೇ ಚೀಟಿ ಏನು ಮಾಡ್ತೀರಿ?"

ಕೇಳಿದ್ದು ಮೂಕಮ್ಮ. ಬೀದಿಯ ಕಡೆ ನೋಡುತ್ತಲೇ ಕೇಳಿದ್ದಳು.

"ಏನು ಮಾಡಾದು ತಾಯಿ?"

"ಸತ್ತೋಳು ಅಂತ ಗೊತ್ತಾತಲ್ಲ. ಹರದು ಹಾಕ್ತೀರಾ?"

"ಯಾಕೆ ಹರೀಲಿ? ಹೇಳಿದೋರು ಹೋದ್ರೆ ಹೇಳಿದ್ದು ಹೋಗ್ತೈತಾ? ಅದು ಅವರ ಹೆಸರಿನಾಗೇ ಇರ್ತೈತೆ." ಅವರು ಲೋಟ ಎತ್ತಿ ಅಡಿಯಿಂದ ಹಳದಿಗಟ್ಟಿದ ಒಂದು ಚೀಟಿ ತೆಗೆದರು. "ಇಗೋ. ಓದ್ಲಾ?"

ಮೂಕಮ್ಮ ಬೀದಿಯಿಂದ ಮುಖ ಈಚೆ ತಿರುಗಿಸಿದಳು. ಷಣ್ಮುಖಪ್ಪ ಕನ್ನಡಕ ಮೇಲೆ ತಳ್ಳಿಕೊಂಡು ಓದಿದರು. ಉಚ್ಚಂಗೆಪ್ಪ ಅಂದು ಹೆಂಡತಿ ಹೇಳಿದ್ದನ್ನು ತಿದ್ದದೆ ಹಾಗೇ ಬರೆದುಕೊಂಡಿದ್ದ.

"'ಕೊರಲೆ. ಕಾಳು ಚಪ್ಪಟೆ, ಮಣ್ಣಿನ ಬಣ್ಣ. ಹುಣಸೆಮರದ ನೆಳ್ಳಾಗೂ ಬರ್ತೈತೆ, ಬ್ಯಾರೆ ಯಾವುದೂ ಅಲ್ಲಿ ಬರಲ್ಲ. ನಮ್ಮ ಗೋವಿನಕೋವಿ ಕಡೆ ಇದು ಇಲ್ಲ, ನಾನು ಇಲ್ಲಿಗೆ ಬಂದು ನೋಡಿದ್ದು. ನಮ್ಮತ್ತೆ ಬೆಲ್ಲ ಹಾಕಿ ಪಾಯಸ ಮಾಡ್ತಾರೆ. ನಾನು ಮಾಡಿದ್ರೆ ತಳ ಹಿಡೀತೈತೆ.'"

ಓದಿ ಮುಗಿದ ಮೇಲೂ ಮೂಕಮ್ಮ ಕಿವಿಗೊಟ್ಟೇ ಇದ್ದಳು, ಇನ್ನೊಂದು ಸಾಲು ಇದ್ದೀತು ಅನ್ನುವ ಹಾಗೆ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಹೌದು. ತಳ ಹಿಡಿಸ್ತಿದ್ಲು" ಎಂದಳು. ಮೊಣಕಾಲ ಮೇಲೆ ಕೈಯೂರಿ ಎದ್ದು, ಬಾಗಿಲಲ್ಲಿ ನಿಂತಿದ್ದ ಸೊಸೆಯ ಪಕ್ಕದಿಂದಲೇ ಒಳಗೆ ಹೋದಳು. ಹೋಗುವಾಗ ಅವಳ ತೋಳಿಗೆ ಇವಳ ತೋಳು ತಾಗಿತು. ತಾಗಿದ್ದು ಬೇಕೆಂದೋ ದಾರಿ ಚಿಕ್ಕದೆಂದೋ ತಿಳಿಯಲಿಲ್ಲ.

"ನೀವೇ ಬರೀರಿ ಮೇಷ್ಟ್ರೆ, ಚೀಟಿ ನಿಮ್ಮ ಅಕ್ಷರದಾಗೈತೆ" ಎಂದು ಷಣ್ಮುಖಪ್ಪ ನವಣೆಯ ಚೀಟಿಯನ್ನೂ ಪೆನ್ಸಿಲನ್ನೂ ಉಚ್ಚಂಗೆಪ್ಪನ ಕಡೆ ಸರಿಸಿದರು.

ಉಚ್ಚಂಗೆಪ್ಪ 'ಹೇಳಿದವರು' ಎಂಬುದರ ಮುಂದಿದ್ದುದನ್ನು ಒಂದೇ ಗೆರೆಯಲ್ಲಿ ಹೊಡೆದ. ಅದರ ಮೇಲೆ ಬರೆಯಲು ಹೋಗಿ ನಿಂತ. ಹೆಂಡತಿಯ ಕಡೆ ತಿರುಗಿದ. ನಾಲಿಗೆಯ ತುದಿಗೆ ಬಂದು ಬಂದು ನಿಲ್ಲುತ್ತಿದ್ದ ಅಕ್ಷರ ಅವನ ಬಾಯಲ್ಲಿ ಮತ್ತೆ ಬಂತು. ಈ ಸಲ ನಿಲ್ಲಲಿಲ್ಲ.

"ಕೊಲ್ಲಾಪುರಮ್ಮ" ಎಂದ. "ಅಷ್ಟೇ ಅಲ್ವಾ? ಹಿಂದೆ ಮುಂದೆ ಏನೂ ಇಲ್ವಲ್ಲ?"

"ಅಷ್ಟೇ" ಎಂದಳು.

ಅವನು ಬರೆಯುವುದನ್ನು ಅವಳು ನಿಂತಲ್ಲಿಂದಲೇ ನೋಡಿದಳು. ಲಕಾರದ ಒತ್ತನ್ನು ಅವನು ಮೇಷ್ಟ್ರ ಹಾಗೆ ನಿಧಾನವಾಗಿ, ಗುಂಡಗೆ ಸುತ್ತಿ ಬರೆದ. ಷಣ್ಮುಖಪ್ಪ ಅದಕ್ಕೆ ಊದಿದರು, ಪೆನ್ಸಿಲಿನ ಬರಹಕ್ಕೆ ಊದುವ ಅಗತ್ಯವೇನೂ ಇರಲಿಲ್ಲ.

"ತಾಯಿ ಕೊಲ್ಲಾಪುರಮ್ಮನೋರೇ, ಇನ್ನೊಂದು ಲೋಟ ಮಜ್ಜಿಗೆ ಸಿಕ್ತೈತಾ?" ಎಂದರು. ಮಾಮೂಲಿ ದನಿಯಲ್ಲೇ ಕೇಳಿದ್ದರು. ಅವಳು ಆಗಲೇ ಒಳಗೆ ತಿರುಗಿದ್ದಳು.

ಷಣ್ಮುಖಪ್ಪ ಸಂಜೆಯ ಬಸ್ಸಿಗೆ ಹೋದರು. ಉಚ್ಚಂಗೆಪ್ಪ ಬಿಟ್ಟು ಬರಲು ಜೊತೆಗೆ ನಡೆದ. ಗಾಳಿ ಸ್ವಲ್ಪ ತಗ್ಗಿತ್ತು. ಅವಳು ಬೆಳಿಗ್ಗೆ ಬಿಟ್ಟ ಮೊರವನ್ನು ಮತ್ತೆ ಹಿಡಿದು ಕೂತಳು. ಎದುರಿಗೆ ಎರಡು ಗಡಿಗೆ ಇದ್ದವು. ಅವನ್ನು ಅಟ್ಟದಿಂದ ಇಳಿಸಿ ತಂದಿಟ್ಟವಳು ಮೂಕಮ್ಮನೇ. ಯಾವಾಗ ಇಟ್ಟಳೆಂದು ಇವಳು ನೋಡಿರಲಿಲ್ಲ. ಒಂದರಲ್ಲಿ ಹೊಂಬಣ್ಣ, ಒಂದರಲ್ಲಿ ಮಣ್ಣಿನ ಬಣ್ಣ. ಹೊಂಬಣ್ಣದ ಗಡಿಗೆಯ ಕಂಠಕ್ಕೆ ಒಂದು ಹಳೆಯ ಸೀರೆಯ ಅಂಚು ಸುತ್ತಿತ್ತು.

"ಅದು ಬಿತ್ತಾದು" ಎಂದಿದ್ದಳು ಮೂಕಮ್ಮ ಹಿತ್ತಿಲಿಗೆ ಹೋಗುವ ಮುಂಚೆ. ಮುಖ ಗಂಟು ಹಾಕಿಕೊಂಡೇ ಇದ್ದಳು. "ನೀನು ಅದಕ್ಕೆ ಏನಾರ ಅನ್ಕ. ಒಲೆ ಮ್ಯಾಲೆ ಮಾತ್ರ ಇಡಬ್ಯಾಡ."

ಹಿತ್ತಿಲಲ್ಲಿ ಹಸು ಕೂಗಿತು. ಹಾಲು ಕರೆಯುವ ಹೊತ್ತು. ದಿನವೂ ಈ ಹೊತ್ತಿಗೆ, ಕರು ಹಿಡಿದುಕೊಳ್ಳಲು ಬಾ ಎಂದು ಕೂಗು ಬರುತ್ತಿತ್ತು. ಅವಳು ಮೊರವನ್ನು ತೊಡೆಯ ಮೇಲಿಳಿಸಿ ಕೇಳುತ್ತ ಕೂತಳು. "ಕ್" ಎಂದು ಶುರುವಾಯಿತು, ನಿಂತಿತು. ಕರು ಹಗ್ಗ ಜಗ್ಗಿದ ಸದ್ದು. ಎದುರು ಮನೆಯಲ್ಲಿ ಯಾರೋ ದೀಪ ಹಚ್ಚಿದರು. ಇನ್ನೊಂದು ಸಲ ಆ ಅಕ್ಷರ ಬಂತು, ಅಲ್ಲೇ ಉಳಿಯಿತು. ಮುದುಕಿ ಕೆಮ್ಮಿದಳು, ಕೆಮ್ಮು ಬಂದದ್ದರಿಂದ ಅಲ್ಲ.

ಆಮೇಲೆ, ಹಾಲಿನ ಚೊಂಬಿನ ಕಂಠಕ್ಕೆ ಬಳೆ ತಾಗಿಸಿದ ಸದ್ದು ಬಂತು. ಟಣ್.

ಅವಳು ಎದ್ದಳು. ಸೀರೆಯ ಮಡಿಲಿನಿಂದ ಒಂದಷ್ಟು ಕಾಳು ಜಗಲಿಯ ಮೇಲೆ ಉದುರಿ ಉರುಳಿತು. ಇನ್ನೊಂದು ಟಣ್ ಬರುವುದರೊಳಗೆ ಅವಳು ನಡುಮನೆ ದಾಟಿ, ತಾಳಿಯ ಪಕ್ಕದ ಬಿಲ್ಲೆ ಸದ್ದು ಮಾಡುತ್ತಿದ್ದುದನ್ನು ತಡೆಯದೆ, ಹಿತ್ತಿಲ ಬಾಗಿಲಲ್ಲಿದ್ದಳು.